17 ಸೆಂಟಿಮೀಟರ್ ಬಂಗುಡೆಯ ಹೊಟ್ಟೆಯಲ್ಲಿ ಮೊಟ್ಟೆ: ಇದು ಮರಿಯಾ, ದೊಡ್ಡದಾ?

ಕೋಡಿ_ಕಡಲು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಕುಂದಾಪುರದ ಹತ್ತಿರ. ಕೆಲಸ ಬೆಂಗಳೂರಲ್ಲಿ, 14 ವರ್ಷ ಆಯ್ತು. ಮೇ ಮೊದಲ ವಾರ ಊರಿಗೆ ಹೋಗಿದ್ದೆ. ಅಮ್ಮ ಮನೆ ಬಾಗಿಲಿಗೆ ಬರುವ ಮೀನಿನವರ ಹತ್ತಿರ ಒಂದು ಕಿಲೋ ಬಂಗುಡೆ ತಗೊಂಡರು. ಗಂಗೊಳ್ಳಿಯ ಮೀನು, ತಾಜಾ ಇತ್ತು, ಕಿವಿರು ಇನ್ನೂ ಕೆಂಪು. ಎಣಿಸಿದರೆ 17 ಬಂತು. ನಾನು ಸಣ್ಣವನಿದ್ದಾಗ ಕಿಲೋಗೆ 8 ಅಥವಾ 9 ಬರುತ್ತಿದ್ದದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ಮನೆಯಲ್ಲಿ ನಾವು ಐದು ಜನ, ತಲೆಗೆ ಒಂದೂವರೆ ಮೀನು ಅಂತ ಅಜ್ಜಿ ಲೆಕ್ಕ ಹಾಕಿ ಬಡಿಸುತ್ತಿದ್ದರು, ಮಿಕ್ಕಿದ್ದು ಮರುದಿನದ ಗಂಜಿಗೆ.

ಹೊಟ್ಟೆ ಸೀಳುವಾಗ ಅಮ್ಮ ನನ್ನನ್ನು ಕರೆದರು. 17ರಲ್ಲಿ 4 ಮೀನಿನ ಹೊಟ್ಟೆಯಲ್ಲಿ ಮೊಟ್ಟೆ. ಹಳದಿ ಬಣ್ಣದ ಎರಡು ಎಸಳು, ಒಳಗೆ ತುಂಬಿಕೊಂಡಿತ್ತು. ಮಗಳ ಸ್ಕೇಲ್ ತಂದು ಅಳೆದೆ. ಮೂತಿಯಿಂದ ಬಾಲದ ತುದಿವರೆಗೆ 17 ಸೆಂಟಿಮೀಟರ್. ಅಮ್ಮ ಮೆಟ್ಟುಗತ್ತಿ ಮೇಲಿಂದ ಕೈ ತೆಗೆದು, "ಇದೇ ಇನ್ನೂ ಮರಿ, ಇದಕ್ಕೆ ಎಲ್ಲಿಂದ ಮೊಟ್ಟೆ?" ಅಂದರು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ.

ಅದಕ್ಕೇ ಗೊತ್ತಿರುವವರನ್ನು ಕೇಳುತ್ತಿದ್ದೇನೆ. ಈ ಮೀನಿಗೆ ವಯಸ್ಸೆಷ್ಟು? ಅದನ್ನು ಹೇಗೆ ಕಂಡುಹಿಡಿಯುತ್ತಾರೆ? ಇದು ನಿಜಕ್ಕೂ ಮರಿಯಾ, ಅಥವಾ ಬಂಗುಡೆ ಜಾತಿಯೇ ಕುಳ್ಳಗಾಗುತ್ತಿದೆಯಾ? ನಾವು ಹಿಡಿದೂ ಹಿಡಿದೂ ಹೀಗಾಯ್ತಾ, ಇಲ್ಲ ನೀರು ಬಿಸಿಯಾಗಿ ಹೀಗಾಯ್ತಾ? ಸುಮ್ನೆ "ಕಾಲ ಕೆಟ್ಟಿದೆ" ಅನ್ನುವ ಉತ್ತರ ಬೇಡ, ಅದನ್ನು ಊರಲ್ಲೇ ಸಾಕಷ್ಟು ಕೇಳಿದ್ದೇನೆ.

ಎಕ್ಕೂರು_ಹಳಬ:

ನಿಮ್ಮ ಅಮ್ಮ ಕೇಳಿದ ಪ್ರಶ್ನೆಯನ್ನೇ ನಾವು ಕ್ಲಾಸಿನಲ್ಲಿ ಒಂದು ಇಡೀ ವರ್ಷ ಓದಿದ್ದು. ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನವನು. ಎರಡು ಸೀಸನ್ ಪೂರ್ತಿ ಬೆಳಗಿನ ಜಾವ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಜಾಗಕ್ಕೆ ಹೋಗಿ ಮೀನು ಅಳೆಯುವುದೇ ನನ್ನ ಕೆಲಸವಾಗಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ, ಕಿವಿಕಲ್ಲು ಅಂತ ಇರುತ್ತದೆ. ಮೂರು ಜೊತೆ ಕಲ್ಲು, ಅದರಲ್ಲಿ ಒಂದು ಜೊತೆ ದೊಡ್ಡದು. ಅದು ಸುಣ್ಣದ ಕಲ್ಲೇ. ವರ್ಷವರ್ಷ ಗೋಡೆಗೆ ಸುಣ್ಣ ಬಳಿದ ಹಾಗೆ ಮೀನು ಬದುಕಿರುವವರೆಗೆ ಅದರ ಮೇಲೆ ಪದರ ಕೂರುತ್ತಾ ಹೋಗುತ್ತದೆ. ಚಳಿ ದೇಶದ ಕಡಲಲ್ಲಿ ಚಳಿಗಾಲಕ್ಕೆ ಮೀನಿನ ಬೆಳವಣಿಗೆ ಬಹಳ ನಿಧಾನವಾಗುತ್ತದೆ, ಆಗ ಒಂದು ಗೆರೆ ಮೂಡುತ್ತದೆ. ಗೆರೆ ಎಣಿಸಿದರೆ ವಯಸ್ಸು. ನಮ್ಮ ಕಡಲಲ್ಲಿ ಅಂಥ ಚಳಿ ಎಲ್ಲಿದೆ? ಮಳೆಗಾಲದಲ್ಲಿ ಒಂದು ಗೆರೆ, ಮೊಟ್ಟೆ ಇಟ್ಟು ಸೋತಾಗ ಇನ್ನೊಂದು, ಎಲ್ಲ ಕಲಸಿಕೊಂಡು ವರ್ಷದ ಲೆಕ್ಕ ಸಿಗುವುದಿಲ್ಲ. ಆದರೆ ಅದೇ ಕಲ್ಲಿನಲ್ಲಿ ದಿನಕ್ಕೊಂದು ಸಣ್ಣ ಗೆರೆಯೂ ಇರುತ್ತದೆ. ಅದನ್ನು 1971ರಲ್ಲಿ ಜಾರ್ಜಿಯೋ ಪನೆಲ್ಲಾ ತೋರಿಸಿಕೊಟ್ಟರು. ಮರಿ ಮೀನಿನ ವಯಸ್ಸನ್ನು ಇಷ್ಟು ದಿನ ಅಂತ ಹೇಳಲು ಅದು ಸಾಕು. ಕಲ್ಲನ್ನು ಉಜ್ಜಿ ಉಜ್ಜಿ ಕಾಗದದಷ್ಟು ತೆಳು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದು ಕಲ್ಲಿಗೆ ಅರ್ಧ ದಿನ ಹೋಗುತ್ತದೆ. ಬಂಗುಡೆಯ ಕಲ್ಲಂತೂ ಅಕ್ಕಿ ನುಚ್ಚಿನ ಹಾಗೆ, ಚಿಮಟಿಯಲ್ಲಿ ಜೋರು ಹಿಡಿದರೆ ಮುರಿಯಿತು.

ಹಾಗಾಗಿ ನಮ್ಮಲ್ಲಿ ಜಾಸ್ತಿ ನಡೆಯುವುದು ಉದ್ದದ ಲೆಕ್ಕ. ಇದು ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಶುರು ಮಾಡಿದ ದಾರಿ. ಈ ತಿಂಗಳು ದಕ್ಕೆಗೆ ಬಂದ 500 ಬಂಗುಡೆ ಅಳೆಯಿರಿ. ಯಾವ ಉದ್ದದವು ಎಷ್ಟು ಅಂತ ಗೀಟು ಹಾಕಿ. ಒಂದು ಕಡೆ ಗುಡ್ಡೆ ಏಳುತ್ತದೆ, 12 ಸೆಂಟಿಮೀಟರಲ್ಲಿ ಅಂತಿಟ್ಟುಕೊಳ್ಳಿ. ಮುಂದಿನ ತಿಂಗಳು ಮತ್ತೆ ಅಳೆದರೆ ಆ ಗುಡ್ಡೆ 13.5ಕ್ಕೆ ಸರಿದಿರುತ್ತದೆ. ಅದು ಒಂದೇ ಹೊತ್ತಿಗೆ ಹುಟ್ಟಿದ ಮರಿಗಳ ಗುಂಪು, ಒಟ್ಟಿಗೆ ಬೆಳೆಯುತ್ತಾ ಹೋಗುತ್ತಿದೆ. ಗುಡ್ಡೆ ಎಷ್ಟು ಬೇಗ ಸರಿಯುತ್ತದೆ ಅನ್ನುವುದೇ ಬೆಳವಣಿಗೆಯ ವೇಗ. ಮುಂದೆ ಮುಂದೆ ಹೋದ ಹಾಗೆ ಅದು ನಿಧಾನವಾಗುತ್ತದೆ. ಮೊದಲ ವರ್ಷ ಓಟ, ಆಮೇಲೆ ನಡಿಗೆ, ಕೊನೆಗೆ ಹೆಚ್ಚುಕಡಿಮೆ ನಿಂತ ಹಾಗೆ. ಈ ಬಾಗಿದ ಗೆರೆಗೆ ಸೂತ್ರ ಕೊಟ್ಟವರು ಲುಡ್ವಿಗ್ ಫಾನ್ ಬೆರ್ಟಲಾನ್ಫಿ, 1938ರಲ್ಲಿ. ಇವತ್ತಿಗೂ ಎಲ್ಲರೂ ಬಳಸುವುದು ಅದನ್ನೇ. 1980ರ ಹೊತ್ತಿಗೆ ಡೇನಿಯಲ್ ಪಾಲಿ ಉದ್ದದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ನಮ್ಮಂಥ ಬಿಸಿ ಕಡಲಿನ ದೇಶಗಳಿಗೆ ಬಹಳ ಉಪಕಾರವಾಯಿತು.

ಈಗ ನಿಮ್ಮ ಮೀನು. ಬಂಗುಡೆ 30 ಸೆಂಟಿಮೀಟರ್ ಆಸುಪಾಸಿಗೆ ಹೋಗಿ ನಿಲ್ಲುವ ಮೀನು ಅಂತ ಹಿಡಿದು, ಬೇಗ ಬೆಳೆಯುವ ಮೀನಿನ ವೇಗ ಇಟ್ಟರೆ, 6 ತಿಂಗಳಿಗೆ 12, ವರ್ಷಕ್ಕೆ 19, ಎರಡು ವರ್ಷಕ್ಕೆ 26 ಸೆಂಟಿಮೀಟರ್ ಬರುತ್ತದೆ. ಹಾಗೆ ನೋಡಿದರೆ ನಿಮ್ಮದು ಸುಮಾರು 10 ತಿಂಗಳ ಮೀನು. ಹೋದ ವರ್ಷದ ಮಳೆಗಾಲದಲ್ಲಿ ಹುಟ್ಟಿದ್ದು. ಬಂಗುಡೆ ಮೊದಲ ಸಲ ಮೊಟ್ಟೆ ಕಟ್ಟುವುದು 18 ಸೆಂಟಿಮೀಟರ್ ಆಸುಪಾಸಿನಲ್ಲಿ. ಅದೂ ಗೆರೆ ಎಳೆದ ಹಾಗಲ್ಲ, ಆ ಉದ್ದಕ್ಕೆ ಬಂದಾಗ ಗುಂಪಿನಲ್ಲಿ ಅರ್ಧದಷ್ಟು ತಯಾರಾಗಿರುತ್ತವೆ ಅಂತ ಅರ್ಥ. ಕೆಲವು ಮುಂಚೆ, ಕೆಲವು ತಡ. ನಿಮ್ಮ 17 ಮೀನಿನಲ್ಲಿ 4 ಅದಕ್ಕೆ ಸರಿಯಾಗಿಯೇ ಇದೆ. ಅದು ಮರಿಯಲ್ಲ. ಮೊದಲ ಬಸಿರು ಅನ್ನಿ.

ನನಗೆ ಬೇಸರ ತರಿಸುವ ಸಂಗತಿ ಬೇರೆ. ನಿಮ್ಮ ಬುಟ್ಟಿಯಲ್ಲಿ 17 ಮೀನೂ ಒಂದೇ ವಯಸ್ಸಿನವು. ಎರಡು ವರ್ಷದ್ದು ಒಂದೂ ಇರಲಿಲ್ಲ. ಒಂದು ಬುಟ್ಟಿ ನೋಡಿ ಕಡಲಿನ ಬಗ್ಗೆ ತೀರ್ಪು ಕೊಡಬಾರದು, ಬಂಗುಡೆ ಅಳತೆಗೆ ತಕ್ಕಂತೆ ಗುಂಪು ಕಟ್ಟುವ ಮೀನು, ವ್ಯಾಪಾರದವರೂ ಅಳತೆ ನೋಡಿ ಬೇರೆ ಮಾಡಿರುತ್ತಾರೆ. ಆದರೆ ತಿಂಗಳುಗಟ್ಟಲೆ ದಕ್ಕೆಯಲ್ಲಿ ಅಳೆದಾಗ ದೊಡ್ಡ ಮೀನಿನ ಕಡೆ ಗುಡ್ಡೆಯೇ ಏಳದಿದ್ದರೆ, ಆಗ ಯೋಚಿಸಬೇಕು.

ಮಲ್ಪೆ_ಬೋಟು:

22 ವರ್ಷದಿಂದ ಟ್ರಾಲ್ ಬೋಟಿನಲ್ಲಿ ಇದ್ದೇನೆ. ಮೊದಲು ಬಲೆ ಎಳೆಯುವವನಾಗಿ, ಈಗ ಬೋಟು ನಡೆಸುವ ತಂಡೇಲನಾಗಿ. ಪುಸ್ತಕದ ಲೆಕ್ಕ ನನಗೆ ಗೊತ್ತಿಲ್ಲ. ಬಲೆ ಗೊತ್ತು.

ಟ್ರಾಲ್ ಅಂದರೆ ಬೋಟಿನ ಹಿಂದೆ ಎಳೆಯುವ ಬಲೆ, ಅದರ ಕೊನೆಗೆ ಚೀಲ ಇರುತ್ತದೆ. ಮೀನು ಸೇರುವುದು ಅಲ್ಲಿ. ನಮ್ಮ ಕಡೆ ಬಲೆಯ ಕಣ್ಣು ಶಂಕರಪೋಳಿ ಆಕಾರ. ನೆಲದ ಮೇಲೆ ಹರಡಿ ಅಳೆದರೆ ಕಣ್ಣು ದೊಡ್ಡದೇ ಕಾಣುತ್ತದೆ. ನೀರಲ್ಲಿ ಎಳೆಯುವಾಗ ಚೀಲದ ಭಾರಕ್ಕೆ ಆ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಬೆರಳು ತೂರುವುದಿಲ್ಲ. ಮುಚ್ಚಿದ ಮೇಲೆ ಮರಿ ಎಲ್ಲಿಂದ ಹೊರಗೆ ಹೋಗಬೇಕು? ಕೊಚ್ಚಿಯ ಸಿಐಎಫ್‌ಟಿಯವರು (ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ) ಚೌಕ ಕಣ್ಣಿನ ಚೀಲ ಹಾಕಿ ಅಂತ ಹೇಳುತ್ತಲೇ ಬಂದಿದ್ದಾರೆ. ಚೌಕದ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಅದು ಸತ್ಯ, ನಾನು ಹಾಕಿ ನೋಡಿದ್ದೇನೆ.

ಒಂದು ಸೀಸನ್ ಪೂರ್ತಿ ಹಾಕಿದೆವು. ಮೇಲೆ ಬಂದ ಮೀನು ಸ್ವಚ್ಛ, ಆರಿಸುವ ಕೆಲಸ ಕಮ್ಮಿ, ಹುಡುಗರು ಖುಷಿ. ಆದರೆ ದಡಕ್ಕೆ ಬಂದಾಗ ನಮ್ಮ ಪಕ್ಕದ ಬೋಟಿನವರು ಇದೇ ಮದ್ಮಲ್ ಮರಿ, ಪಾಂಬೋಲ್ ಮರಿ ಎಲ್ಲ ಸೇರಿಸಿ ರಾಶಿ ರಾಶಿ ಫಿಶ್ ಮೀಲ್ ಕಾರ್ಖಾನೆಯ ಲಾರಿಗೆ ತುಂಬಿದರು. ಕಿಲೋಗೆ ಸಿಗುವುದು ಪುಡಿಗಾಸು. ಆದರೂ ರಾಶಿ ದೊಡ್ಡದಲ್ವಾ, ಅವರ ಡೀಸೆಲ್ ಖರ್ಚು ಅದರಲ್ಲೇ ಹುಟ್ಟಿತು. ನಮ್ಮದು ಹುಟ್ಟಲಿಲ್ಲ. ಹತ್ತು ದಿನ ಕಡಲಲ್ಲಿದ್ದು ಬಂದು ಬೋಟಿನ ಕೆಲಸಗಾರರಾದ ಕಲಾಸಿಗಳಿಗೆ ಕೊಡಲು ದುಡ್ಡಿಲ್ಲ ಅಂತ ಹೇಳುವ ಸಂಕಟ ಏನು ಅಂತ ಹೇಳಲು ಬರುವುದಿಲ್ಲ. ಮುಂದಿನ ಸೀಸನ್ ನಾವೂ ಹಳೇ ಚೀಲಕ್ಕೇ ಹೋದೆವು. ನಾನು ಬಿಟ್ಟ ಮರಿಯನ್ನು ನಾಳೆ ಪಕ್ಕದ ಬೋಟು ಹಿಡಿಯುತ್ತದೆ ಅಂತ ಗೊತ್ತಿದ್ದ ಮೇಲೆ ಒಬ್ಬನೇ ಬಿಡುವುದು ಹೇಗೆ? ಎಲ್ಲರಿಗೂ ಒಂದೇ ಕಣ್ಣು ಆಗಬೇಕು, ಮತ್ತು ಅದನ್ನು ಕಡಲಲ್ಲಿ ಅಲ್ಲ, ದಕ್ಕೆಯಲ್ಲಿ ನೋಡಬೇಕು. ಕೇರಳದಲ್ಲಿ ಬಂಗುಡೆ 14, ಮತ್ತಿ 10 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಹಿಡಿಯುವ ಹಾಗಿಲ್ಲ. ದಡದಲ್ಲೇ ಹಿಡಿದು ದಂಡ ಹಾಕುತ್ತಾರೆ.

ಕೋಡಿ_ಕಡಲು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಲ್ಪೆಯವರು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಮ್ಮ ಒಂದು ಮಾತು ಕೇಳಿದರು, ನನಗೂ ಸರಿ ಅನ್ನಿಸಿತು. ನಾವು ಹಿಡಿಯದೆ ಬಿಟ್ಟರೂ ಕಡಲಲ್ಲಿ ಅಂಜಲ್ ತಿನ್ನುತ್ತದೆ, ಹಕ್ಕಿ ತಿನ್ನುತ್ತದೆ, ರೋಗ ಬರುತ್ತದೆ. ಸಾಯುವುದು ಸಾಯುತ್ತದೆ. ಹಾಗಿದ್ದ ಮೇಲೆ ಸಣ್ಣದಿದ್ದಾಗಲೇ ಹಿಡಿದರೆ ನಷ್ಟ ಏನು?

ಎಕ್ಕೂರು_ಹಳಬ:

ಇದಕ್ಕೆ ಲೆಕ್ಕವೇ ಉತ್ತರ ಹೇಳಲಿ. ಪೆನ್ನು ತಗೊಳ್ಳಿ.

15 ಸೆಂಟಿಮೀಟರಿನ ಬಂಗುಡೆ ಸುಮಾರು 40 ಗ್ರಾಂ. 1,000 ಮೀನು ಹಿಡಿದರೆ 40 ಕಿಲೋ. ಈಗ ಹಿಡಿಯದೆ ಬಿಡಿ. ಮೇಲೆ ಹೇಳಿದ ವೇಗದಲ್ಲಿ 15ರಿಂದ 20 ಸೆಂಟಿಮೀಟರಿಗೆ ಬರಲು 5 ತಿಂಗಳು ಬೇಕು. ಉದ್ದ ಮೂರನೇ ಒಂದು ಭಾಗ ಹೆಚ್ಚಾಯಿತು ಅಷ್ಟೇ. ಆದರೆ ಮೀನು ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ, ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ತೂಕ 40ರಿಂದ ಸುಮಾರು 95 ಗ್ರಾಂ ಆಗುತ್ತದೆ. ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಈ 5 ತಿಂಗಳಲ್ಲಿ ಅಂಜಲ್, ಹಕ್ಕಿ, ರೋಗ ಎಲ್ಲ ಸೇರಿ 1,000ದಲ್ಲಿ 460 ಮೀನು ತಿಂದುಹಾಕಿತು ಅಂತಲೇ ಇಟ್ಟುಕೊಳ್ಳಿ, ನಾನು ಧಾರಾಳವಾಗಿಯೇ ಕೊಟ್ಟಿದ್ದೇನೆ. ಉಳಿದದ್ದು 540. ಗುಣಿಸಿ ನೋಡಿ, 51 ಕಿಲೋ. ಅರ್ಧದಷ್ಟು ಸತ್ತ ಮೇಲೂ 11 ಕಿಲೋ ಜಾಸ್ತಿ. ದೊಡ್ಡ ಮೀನಿಗೆ ಕಿಲೋ ಬೆಲೆಯೂ ಜಾಸ್ತಿ. ಉಳಿದ 540ರಲ್ಲಿ ಅರ್ಧಕ್ಕಿಂತ ಹೆಚ್ಚು ಮೀನು ಮೊಟ್ಟೆಗೆ ತಯಾರಾಗಿರುತ್ತವೆ, ಅದರ ಬೆಲೆ ಈ ಲೆಕ್ಕದಲ್ಲಿ ಸೇರೇ ಇಲ್ಲ.

ಹಾಗಂತ ಕಾಯುತ್ತಲೇ ಇರಬೇಕು ಅಂತಲ್ಲ. ಬೆಳವಣಿಗೆ ನಿಧಾನವಾದ ಮೇಲೆ, ಉದಾಹರಣೆಗೆ 26 ಸೆಂಟಿಮೀಟರಿನ ಮೀನನ್ನು ಬಿಟ್ಟರೆ, ಬೆಳೆಯುವುದಕ್ಕಿಂತ ಸಾಯುವುದೇ ಜಾಸ್ತಿ. ಎಲ್ಲೋ ನಡುವೆ ಒಂದು ಹದ ಇದೆ. ಆ ಹದಕ್ಕಿಂತ ಮುಂಚೆ ಹಿಡಿದರೆ, ಅದನ್ನು ನಾವು ಬೆಳೆಯಗೊಡದೆ ಹಿಡಿಯುವುದು ಅನ್ನುತ್ತೇವೆ. ಇದರಲ್ಲಿ ಮೊದಲು ನಷ್ಟವಾಗುವುದು ಮೀನಿಗಲ್ಲ, ಮಲ್ಪೆಯವರಂಥವರಿಗೆ. ಎರಡನೇ ಹಂತ ಇನ್ನೂ ಕೆಟ್ಟದ್ದು. ಮೊಟ್ಟೆ ಇಡುವಷ್ಟು ಮೀನೇ ಉಳಿಯದ ಹಾಗೆ ಹಿಡಿಯುವುದು.

ಕಾಸರಗೋಡು_ಗಡಿ:

ಎಲ್ಲ ಸರಿ, ಆದರೆ ಎಲ್ಲದಕ್ಕೂ ಬೋಟಿನವರನ್ನೇ ದೂರುವುದು ನನಗೆ ಒಪ್ಪಿಗೆ ಇಲ್ಲ. ಮತ್ತಿ, ನಿಮ್ಮ ಬೂತಾಯಿ, ಅದರ ಕಥೆ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ 3,300 ಟನ್ ಅಷ್ಟೇ. ನೂರಕ್ಕೆ ಒಂದು ಪಾಲೂ ಇಲ್ಲ! ನಮ್ಮ ಮನೆಯಲ್ಲಿ ಮತ್ತಿ ಇಲ್ಲದ ಊಟವೇ ಇರಲಿಲ್ಲ, ಆ ವರ್ಷ ಹೊರಗಿನಿಂದ ಐಸ್ ಹಾಕಿ ಬಂದ ಮೀನು ತಿಂದೆವು, ಅದರಲ್ಲಿ ಎಣ್ಣೆಯೂ ಇಲ್ಲ ರುಚಿಯೂ ಇಲ್ಲ. ಆಮೇಲೆ ಅದೇ ಮತ್ತಿ ತಾನಾಗಿ ತಿರುಗಿ ಬಂತು. ಬಲೆಯನ್ನೇನೂ ಯಾರೂ ಸುಟ್ಟುಹಾಕಿರಲಿಲ್ಲ. 2015ರ ಎಲ್ ನಿನೋ (ಶಾಂತಸಾಗರದ ನೀರು ಬಿಸಿಯೇರುವ ವಿದ್ಯಮಾನ) ಬಂದು ನೀರು ಬಿಸಿಯಾಯಿತು, ಮಳೆಗಾಲದಲ್ಲಿ ತಳದಿಂದ ತಣ್ಣನೆ ನೀರು ಮೇಲೆ ಬರುವುದು ಏರುಪೇರಾಯಿತು, ಮತ್ತಿಗೆ ತಿನ್ನಲು ಸಿಗಲಿಲ್ಲ. ಇದು ಹವೆಯ ಆಟ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲೂ ಬೂತಾಯಿ ಕೆಲವು ವರ್ಷ ಮಾಯ ಆಗುತ್ತಿತ್ತು ಅಂತ ಹಳಬರೇ ಹೇಳುತ್ತಾರೆ.

ಇನ್ನೊಂದು. 2024ರ ಒಳ್ಳೆ ಮಳೆಗಾಲದ ನಂತರ ಮತ್ತಿ ಮರಿ ರಾಶಿ ರಾಶಿ ಬಂತಲ್ಲ, ಅವು ಬೆಳೆಯದೆ ಸಣ್ಣದಾಗಿಯೇ ಉಳಿದವು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐಯವರೇ ಹೇಳಿದರು, ಮರಿ ಜಾಸ್ತಿಯಾಗಿ ಆಹಾರ ಸಾಲಲಿಲ್ಲ ಅಂತ. ಅಂದರೆ ಮೀನು ಸಣ್ಣ ಇರುವುದು ಮೀನು ಕಮ್ಮಿ ಆಗಿದ್ದಕ್ಕಲ್ಲ, ಜಾಸ್ತಿ ಆಗಿದ್ದಕ್ಕೂ ಇರಬಹುದು ಅಲ್ವಾ?

ತದಡಿ_ಹೊಳೆ:

ಕಾಸರಗೋಡಿನವರು ಹೇಳಿದ ಕೊನೇ ಮಾತು ನೂರಕ್ಕೆ ನೂರು ಸರಿ. ಒಂದೇ ಗದ್ದೆಯಲ್ಲಿ ಸಸಿ ಒತ್ತೊತ್ತಾಗಿ ನೆಟ್ಟರೆ ತೆನೆ ಸಣ್ಣ ಆಗುತ್ತದೆ. ಮೀನಿಗೂ ಹಾಗೇ. ಅದಕ್ಕೇ ಉದ್ದ ಮಾತ್ರ ನೋಡಿ ತೀರ್ಮಾನಿಸಬಾರದು. ಸಣ್ಣ ಮೀನು ಅಂದರೆ ಎಳೆಯದೋ, ಅಥವಾ ವಯಸ್ಸಾಗಿಯೂ ಬೆಳೆಯದ್ದೋ ಅಂತ ಬೇರೆ ಮಾಡಬೇಕು. ಅಲ್ಲಿಗೆ ಮತ್ತೆ ಕಿವಿಕಲ್ಲಿಗೇ ಬರಬೇಕು.

ನಾನು ಕುಮಟಾ ಕಡೆಯವಳು, ಈಗ ನಾರ್ವೆಯ ಬರ್ಗೆನ್‌ನಲ್ಲಿ ಇದ್ದೇನೆ. ಮೀನಿನ ವಯಸ್ಸಿನ ವಿಚಾರ ದೊಡ್ಡದಾಗಿ ಎದ್ದದ್ದೇ ಇಲ್ಲಿಂದ, ಯೋಹಾನ್ ಯೋರ್ಟ್ ಎಂಬ ವಿಜ್ಞಾನಿಯಿಂದ. ಅವರ ಕಾಲದಲ್ಲಿ ಹೆರಿಂಗ್ ಮೀನು ಒಂದು ವರ್ಷ ರಾಶಿ, ಒಂದು ವರ್ಷ ಇಲ್ಲ. ಎಲ್ಲೋ ವಲಸೆ ಹೋಗಿದೆ ಅಂತ ಜನ ಅಂದುಕೊಂಡಿದ್ದರು. ಇವರು ಮೀನಿನ ಹುರುಪೆಯ ಗೆರೆ ಎಣಿಸಿ ವಯಸ್ಸು ಹಚ್ಚಿದರು. ಏನು ಕಂಡಿತು ಗೊತ್ತಾ? 1904ರಲ್ಲಿ ಹುಟ್ಟಿದ ಹೆರಿಂಗ್ ಮೀನೇ ವರ್ಷಗಟ್ಟಲೆ ಬಲೆ ತುಂಬುತ್ತಿತ್ತು. ನಂತರದ ವರ್ಷಗಳಲ್ಲಿ ಹುಟ್ಟಿದವು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಇದನ್ನು ಅವರು 1914ರಲ್ಲಿ ಬರೆದು ಪ್ರಕಟಿಸಿದರು. ಎಲ್ಲ ವರ್ಷವೂ ಮರಿ ಒಂದೇ ಸಮ ಉಳಿಯುವುದಿಲ್ಲ. ಹವೆ, ನೀರು, ಆಹಾರ ಕೂಡಿಬಂದ ಒಂದು ವರ್ಷ ಕೋಟಿಗಟ್ಟಲೆ ಉಳಿಯುತ್ತವೆ, ಆಮೇಲೆ ನಾಲ್ಕೈದು ವರ್ಷ ಬರೀ ಬರ.

ಈಗ ಕಾಸರಗೋಡಿನವರಿಗೆ ನನ್ನ ಮಾತು. ಎಷ್ಟು ಮರಿ ಉಳಿಯಬೇಕು ಅನ್ನುವುದನ್ನು ಹವೆ ತೀರ್ಮಾನಿಸುತ್ತದೆ, ಒಪ್ಪಿದೆ. ಆದರೆ ಕೆಟ್ಟ ವರ್ಷಗಳನ್ನು ದಾಟಿ ಒಳ್ಳೆ ವರ್ಷ ಬರುವವರೆಗೆ ಮೊಟ್ಟೆ ಇಡುವ ತಾಯಂದಿರು ಕಾದಿರಬೇಕಲ್ಲ. ಒಂದು ಲೆಕ್ಕ ಹೇಳುತ್ತೇನೆ. ಹತ್ತು ವರ್ಷ ಬದುಕುವ ಒಂದು ಮೀನು ಅಂತಿಟ್ಟುಕೊಳ್ಳಿ. ವರ್ಷಕ್ಕೆ ಅರ್ಧ ಉಳಿದರೆ, ಒಂದು ವರ್ಷದವು 1,000 ಇದ್ದಾಗ, ಎರಡರವು 500, ಮೂರರವು 250, ನಾಲ್ಕರವು 125 ಇರುತ್ತವೆ. ಹಿಡಿಯುವುದು ಜಾಸ್ತಿಯಾಗಿ ವರ್ಷಕ್ಕೆ ಐದರಲ್ಲಿ ಒಂದು ಮಾತ್ರ ಉಳಿದರೆ, 1,000, 200, 40, 8. ಒಂದು ವರ್ಷದ ಮೀನು ಎರಡೂ ಕಡೆ ಅಷ್ಟೇ ಇದೆ ನೋಡಿ. ಬಲೆ ತುಂಬುತ್ತಿದೆ ಅಂತಲೇ ಕಾಣುತ್ತದೆ. ಆದರೆ ನಾಲ್ಕು ವರ್ಷದವು 125 ಇದ್ದದ್ದು 8ಕ್ಕೆ ಬಂದಿದೆ. ಕಣಜ ಖಾಲಿ, ಅಂದಂದಿನ ದುಡಿಮೆ ಅಂದಂದಿಗೆ. ಒಂದು ಬರ ಬಂದರೆ ಮುಗಿಯಿತು.

ಬೂತಾಯಿ ಬದುಕುವುದೇ ಎರಡು, ಎರಡೂವರೆ ವರ್ಷ. ಅದರ ಕಣಜ ಮೊದಲೇ ಸಣ್ಣದು. ಎರಡು ವರ್ಷ ಒಟ್ಟಿಗೆ ಹವೆ ಕೈಕೊಟ್ಟರೆ, ಜೊತೆಗೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಬರುವ ಬೆರಳುದ್ದದ ಮರಿಯನ್ನೂ ಎತ್ತಿಬಿಟ್ಟರೆ, 2021ರಂಥದ್ದು ಆಗುತ್ತದೆ. ಬೇಗ ಹುಟ್ಟಿ ಬೇಗ ಬೆಳೆಯುವ ಮೀನಾದ್ದರಿಂದ ತಿರುಗಿಯೂ ಬಂತು. ಇಲ್ಲಿನ ಅಟ್ಲಾಂಟಿಕ್‌ನ ಕಾಡ್ ಮೀನಿಗೆ ಆ ಅದೃಷ್ಟ ಇರಲಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1968ರಲ್ಲಿ 8 ಲಕ್ಷ ಟನ್ ಹಿಡಿದರು. 1992ರ ಜುಲೈಯಲ್ಲಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಆ ನಿಷೇಧವನ್ನು ಅಧಿಕೃತವಾಗಿ ತೆಗೆಯಲು 2024 ಬಂತು, 32 ವರ್ಷ. ಅಷ್ಟರಲ್ಲಿ ಒಂದು ತಲೆಮಾರಿನ ಮೀನುಗಾರರು ಊರು ಬಿಟ್ಟಿದ್ದರು.

ದೊಡ್ಡ ತಾಯಿಯ ಬೆಲೆಯನ್ನೂ ಹೇಳಬೇಕು. 30 ಕಿಲೋ ತೂಗುವ ಒಂದು ಹೆಣ್ಣು ಕಾಡ್ ಇಡುವಷ್ಟು ಮೊಟ್ಟೆಯನ್ನು 2 ಕಿಲೋ ತೂಕದ 28 ಹೆಣ್ಣು ಸೇರಿದರೂ ಇಡಲಾರವು. 28 ಮೀನು ಅಂದರೆ 56 ಕಿಲೋ! ಮೀನಿನಲ್ಲಿ ಅಜ್ಜಿಯೇ ಮನೆ ನಡೆಸುವುದು. ನಮ್ಮ ಅಂಜಲ್ ತಗೊಳ್ಳಿ. ಸುಮಾರು 70 ಸೆಂಟಿಮೀಟರ್ ಆಗುವವರೆಗೆ ಅದು ಮೊಟ್ಟೆ ಇಡುವುದಿಲ್ಲ, ಅದಕ್ಕೆ ಎರಡು ವರ್ಷ ಬೇಕು. ಹೋಟೆಲಿನಲ್ಲಿ ಇಡೀ ಅಂಜಲ್ ಮಸಾಲೆ ಹಚ್ಚಿ ಒಂದು ತಟ್ಟೆಯಲ್ಲಿ ಇಟ್ಟು ಕೊಡುತ್ತಾರಲ್ಲ, ತಟ್ಟೆಯೊಳಗೆ ಹಿಡಿಸುವ ಅಂಜಲ್ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ನಾನು ಊರಿಗೆ ಬಂದಾಗ ಅದನ್ನು ತಿನ್ನುವುದು ಬಿಟ್ಟಿದ್ದೇನೆ, ದೊಡ್ಡ ಮೀನಿನ ತುಂಡು ಮಾತ್ರ. ಮುರು ಮೀನಿನದು (ಗ್ರೂಪರ್) ಇನ್ನೂ ವಿಚಿತ್ರ. ಅದರ ಎಷ್ಟೋ ಜಾತಿಗಳು ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ದೊಡ್ಡದನ್ನೆಲ್ಲ ಹಿಡಿದರೆ ಗಂಡೇ ಇರುವುದಿಲ್ಲ. ಹಾಗಾಗಿ ಸಣ್ಣದು ಬಿಡಿ ದೊಡ್ಡದು ಹಿಡಿಯಿರಿ ಅನ್ನುವ ಮಾತು ಎಲ್ಲ ಮೀನಿಗೂ ಹೊಂದುವುದಿಲ್ಲ.

ಕೋಡಿಯವರು ಜಾತಿಯೇ ಕುಳ್ಳಗಾಗುತ್ತಾ ಅಂತ ಕೇಳಿದ್ದರು. ಆಗಬಹುದು. ಅಮೆರಿಕದಲ್ಲಿ ಕಾನೋವರ್ ಮತ್ತು ಮಂಚ್ ಸಿಲ್ವರ್‌ಸೈಡ್ ಎಂಬ ಸಣ್ಣ ಮೀನನ್ನು ತೊಟ್ಟಿಯಲ್ಲಿ ಸಾಕಿ, ಒಂದು ತೊಟ್ಟಿಯಲ್ಲಿ ಪ್ರತಿ ತಲೆಮಾರಿಗೂ ದೊಡ್ಡವನ್ನೇ ತೆಗೆದರು, ಇನ್ನೊಂದರಲ್ಲಿ ಸಣ್ಣವನ್ನೇ ತೆಗೆದರು. 2002ರಲ್ಲಿ ಫಲಿತಾಂಶ ಬಂತು. ನಾಲ್ಕೇ ತಲೆಮಾರಿಗೆ, ಸಣ್ಣವನ್ನು ತೆಗೆದ ತೊಟ್ಟಿಯ ಮೀನು ಇನ್ನೊಂದರ ಹತ್ತಿರ ಹತ್ತಿರ ಎರಡು ಪಟ್ಟು ತೂಗುತ್ತಿತ್ತು. ಅದು ತೊಟ್ಟಿ, ಕಡಲಲ್ಲ. ಬಂಗುಡೆಗೆ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ.

ಮಲ್ಪೆ_ಬೋಟು:

ತದಡಿಯವರು ಹೇಳಿದ 1,000, 200, 40, 8 ಅನ್ನುವುದನ್ನು ನಮ್ಮ ಬೋಟಿನ ಕ್ಯಾಬಿನ್ನಿನಲ್ಲಿ ಬರೆದು ಅಂಟಿಸಿದ್ದೇನೆ. ಹುಡುಗರು ಕೇಳಿದರೆ ವಿವರಿಸುತ್ತೇನೆ. ಲೈಟ್ ಫಿಶಿಂಗ್ (ಬೆಳಕು ಹಾಕಿ ಮೀನು ಸೆಳೆಯುವುದು) ಮತ್ತು ಬುಲ್ ಟ್ರಾಲ್ (ಎರಡು ಬೋಟು ಸೇರಿ ಒಂದು ಬಲೆ ಎಳೆಯುವುದು) ಅನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ. ಆದರೂ ರಾತ್ರಿ ಕಡಲಲ್ಲಿ ನಿಂತರೆ ದೂರದಲ್ಲಿ ಬೆಳಕು ಕಾಣುತ್ತದೆ. ಬೆಳಕಿಗೆ ಮರಿ, ದೊಡ್ಡದು ಅಂತ ಭೇದ ಇಲ್ಲ, ಎಲ್ಲ ಬರುತ್ತದೆ. ಜೂನ್ 1ರಿಂದ 61 ದಿನ ಬೋಟು ನಿಲ್ಲಿಸುತ್ತೇವೆ, ಅದು ನನಗೆ ಸಂತೋಷವೇ, ಮೊಟ್ಟೆ ಇಡಲಿ. ಆದರೆ ಆಗಸ್ಟ್ ಮೊದಲ ವಾರ ಅಷ್ಟೂ ಬೋಟು ಒಂದೇ ದಿನ ಇಳಿದು ಆ ಮರಿಯನ್ನೇ ಎತ್ತಿದರೆ 61 ದಿನ ಕಾದದ್ದು ಯಾರಿಗೆ?

ಕೋಡಿ_ಕಡಲು:

ಒಂದು ವರದಿ ಒಪ್ಪಿಸಬೇಕು. ಭಾನುವಾರ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿ ಒಂದು ಕೊಡ್ಡಾಯಿ ಮೀನು ತಂದೆ. ಅದರ ಕಿವಿಕಲ್ಲು ದೊಡ್ಡದಿರುತ್ತದೆ ಅಂತ ಎಲ್ಲೋ ಓದಿದ್ದೆ. ತಲೆಯನ್ನು ಕಣ್ಣಿನ ಹಿಂದಿನಿಂದ ಅಡ್ಡಕ್ಕೆ ಸೀಳಿ, ಮಿದುಳು ಸರಿಸಿ, ಕೆಳಗಿನ ಗುಳಿಯಲ್ಲಿ ಚಿಮಟಿ ಹಾಕಿದೆ. ಟಕ್ ಅಂತ ತಾಗಿತು. ಬಿಳಿ ಕಲ್ಲು, ಅವರೆಕಾಳಿನಷ್ಟು, ಒಂದು ಬದಿ ನುಣುಪು, ಇನ್ನೊಂದು ಬದಿ ಗಂಟು ಗಂಟು. ಮಗಳು ಅದನ್ನು ತೊಳೆದು ಅಂಗೈಯಲ್ಲಿಟ್ಟುಕೊಂಡು ಬಿಡಲೇ ಇಲ್ಲ. ನಡುವೆ ಮುರಿದು ಮರಳುಕಾಗದದಲ್ಲಿ ಉಜ್ಜಿ, ಒಂದು ತೊಟ್ಟು ಎಣ್ಣೆ ಹಾಕಿ, ಮೊಬೈಲ್ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ಮಸುಕು ಮಸುಕಾಗಿ ಮೂರು ಪಟ್ಟಿ ಕಂಡ ಹಾಗಾಯ್ತು. ಮೂರು ವರ್ಷ ಅಂತ ತಗೊಳ್ಳಬಹುದಾ?

ಎಕ್ಕೂರು_ಹಳಬ:

ಭೇಷ್! ಆದರೆ ಮೂರು ವರ್ಷ ಅಂತ ಬರೆದುಕೊಳ್ಳಬೇಡಿ. ನಮ್ಮ ಕಡಲಿನ ಮೀನಿನಲ್ಲಿ ಒಂದು ಪಟ್ಟಿ ಅಂದರೆ ಒಂದು ವರ್ಷವೇ ಅಂತ ಮೊದಲು ಸಾಬೀತು ಮಾಡಬೇಕು. ಅದಕ್ಕೆ ವರ್ಷದ 12 ತಿಂಗಳೂ ಕಲ್ಲು ತೆಗೆದು, ಅಂಚಿನಲ್ಲಿ ಪಟ್ಟಿ ಯಾವ ತಿಂಗಳು ಮೂಡುತ್ತದೆ ಅಂತ ನೋಡಬೇಕಾಗುತ್ತದೆ. ಕಲ್ಲನ್ನು ಒಣಗಿಸಿ ಸಣ್ಣ ಕವರಿನಲ್ಲಿ ಹಾಕಿ, ಮೇಲೆ ತಾರೀಖು, ಮೀನಿನ ಉದ್ದ ಬರೆದಿಡಿ. ಅಮ್ಮನಿಗೂ ಒಂದು ಕೆಲಸ ಕೊಡಿ. ಬಂಗುಡೆ ತಂದ ದಿನ ಉದ್ದ ಅಳೆದು, ಮೊಟ್ಟೆ ಇದೆಯಾ ಇಲ್ಲವಾ ಅಂತ ಕ್ಯಾಲೆಂಡರಿನಲ್ಲಿ ಬರೆಯಲಿ. ಒಂದೇ ಮನೆಯದಾದರೂ ವರ್ಷದ ಲೆಕ್ಕ ಸಿಕ್ಕರೆ ನನಗೆ ಕಳಿಸಿ, ಗೀಟು ಹಾಕಿ ತೋರಿಸುತ್ತೇನೆ.

ಕೋಡಿ_ಕಡಲು:

ಅಮ್ಮ ಶುರು ಮಾಡಿಯಾಯ್ತು. ಹೊಲಿಗೆ ಮೆಷಿನ್ನಿನ ಟೇಪು ಈಗ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ನಿನ್ನೆಯದು ಫೋನಿನಲ್ಲಿ ಬರೆಸಿದರು: ಮೇ 27, ಆರು ಬಂಗುಡೆ, 19, 18, 20, 19, 21, 19. ಮೊಟ್ಟೆ ಎರಡರಲ್ಲಿ. 20 ಮತ್ತು 21ರದ್ದರಲ್ಲಿ ಮೊಟ್ಟೆ ಇಲ್ಲ, ಆದರೆ ಖಾಲಿಯೂ ಅಲ್ಲವಂತೆ, ಕೆಂಪಾಗಿ ಗಾಳಿ ಹೋದ ಬಲೂನಿನ ಹಾಗೆ ಜೋತುಬಿದ್ದ ಚೀಲ ಇತ್ತಂತೆ. ಅದೇನು?

ಎಕ್ಕೂರು_ಹಳಬ:

ಅವು ಮೊಟ್ಟೆ ಇಟ್ಟು ಬಂದ ಮೀನುಗಳು. ಅಮ್ಮನಿಗೆ ಹೇಳಿ, ಕ್ಯಾಲೆಂಡರಿನಲ್ಲಿ ಅವೆರಡರ ಮುಂದೆ "ಇಟ್ಟಾಗಿದೆ" ಅಂತ ಬರೆಯಲಿ.